ಹೊಳೆ ಒಯ್ದ ಹೊಲದ ಇಂಗ್ಲಿಷ್ ಹೆಸರು

ಇಂಗ್ಲಿಷಿನಲ್ಲಿ ನನಗೆ ಖಚಿತವಾಗಿ ಅರ್ಥ ಗೊತ್ತಿರುವ ಶಬ್ದಗಳು ಬಹಳ ಇಲ್ಲ. ಮೂವತ್ತೈದು ವರ್ಷ ಆ ಭಾಷೆಯಲ್ಲಿ ಕಾಗದ ಗೀಚಿದ್ದೇನೆ ನಿಜ, ಆದರೆ ಬಹುತೇಕ ಶಬ್ದಗಳನ್ನು ಹಳೆಯ ಫೈಲಿನಿಂದ ಎತ್ತಿ ಹೊಸ ಫೈಲಿನಲ್ಲಿ ಇಟ್ಟಿದ್ದೇನೆ, ಅಷ್ಟೆ. ಒಂದು ಶಬ್ದದ ಅರ್ಥ ಮಾತ್ರ ಚೆನ್ನಾಗಿ ಗೊತ್ತು. ಡಿಲ್ಯೂವಿಯನ್. ಇಂಗ್ಲಿಷ್ ಎಂ.ಎ. ಮಾಡಿದ ನನ್ನ ಅಳಿಯನಿಗೂ ಅದು ಗೊತ್ತಿಲ್ಲ, ಒಮ್ಮೆ ಕೇಳಿ ನೋಡಿದ್ದೇನೆ. ಅವನು ತಲೆ ಕೆರೆದುಕೊಂಡಾಗ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅದನ್ನು ಹೇಗೆ ಕಲಿತಿರಿ ಎಂದು ಅವನು ಕೇಳಿದ, ನಾನು ಮಾತು ಬದಲಿಸಿದೆ. ಈಗ ಮುಚ್ಚಿಟ್ಟುಕೊಳ್ಳುವುದಕ್ಕೂ ದಣಿವಾಗಿದೆ, ಬರೆದುಬಿಡುತ್ತೇನೆ.

ಕನ್ನಡ ನಾಡು ಒಂದಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನಾವು ಇನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ನಾನು ರೋಣದಲ್ಲಿ ಒಂದು ಖೋಲಿ ಹಿಡಿದು, ಕೈಯಿಂದಲೇ ಎರಡು ರೊಟ್ಟಿ ಬಡಿದುಕೊಂಡು, ಕಂದಾಯದ ಕಚೇರಿಯಲ್ಲಿ ಕಾರಕೂನಿಕೆ ಮಾಡುತ್ತಿದ್ದೆ. ಬೆಳಿಗ್ಗೆ ಹೋಗಿ ದಫ್ತರ ಬಿಚ್ಚುವುದು, ಸಂಜೆ ಕಟ್ಟುವುದು. ಬೆಳವಣಕಿ, ಅಸೂಟಿ, ಮೆಣಸಗಿ ಎಂದು ಊರಿನ ಹೆಸರು ಬರೆದು ಬರೆದು, ಆ ಊರುಗಳಲ್ಲಿ ಜನ ಇದ್ದಾರೆ ಎನ್ನುವುದೇ ಮರೆತುಹೋಗಿತ್ತು. ತಾಲೂಕಿನ ಮುಖ್ಯಸ್ಥರಾದ ಮಾಮಲೇದಾರರಿಗೆ ಪಿಂಚಣಿ ಹತ್ತಿರ ಬಂದಿತ್ತು, ಅವರು ಯಾವ ಕಾಗದಕ್ಕೂ ಎರಡು ಸಲ ಕಣ್ಣು ಹಾಯಿಸುತ್ತಿರಲಿಲ್ಲ. ಉಳಿದ ಕಾರಕೂನರು ಹಳೆಯ ಕಾಲದವರು, ಇಂಗ್ಲಿಷ್ ಕಾಗದ ಬಂದರೆ ಹಾವು ಬಂದಂತೆ ಸರಿದು ಕೂತುಕೊಳ್ಳುವರು. ನಾನು ಮ್ಯಾಟ್ರಿಕ್‌ನಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಪಡೆದವನು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ ನಾನು ಆ ಕಚೇರಿಯ ಇಂಗ್ಲಿಷ್ ಪಂಡಿತನಾದೆ. ಇಪ್ಪತ್ತೆರಡರ ವಯಸ್ಸಿಗೆ ಆ ಹೆಸರು ಚಲೋ ಅನ್ನಿಸುತ್ತಿತ್ತು.

ಆ ಹೆಂಗಸು ಮೆಣಸಗಿಯ ಆಚೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯವಳು. ನಲವತ್ತರ ಆಸುಪಾಸು. ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು, ಮದುವೆಗೆ ಬಂದ ಒಬ್ಬಳೇ ಮಗಳಿದ್ದಳು. ಮಾವನ ಹನ್ನೆರಡು ಎಕರೆ ಎರೆಹೊಲವನ್ನು ಮೂವರು ಅಣ್ಣತಮ್ಮಂದಿರು ಮೂರು ಪಾಲು ಮಾಡಿಕೊಂಡಿದ್ದರು. ಸರಕಾರದ ದಫ್ತರದಲ್ಲಿ ಅದು ಒಂದೇ ಸರ್ವೆ ನಂಬರು, ಹಿರಿಯನ ಹೆಸರಿನಲ್ಲಿತ್ತು. ಕಿರಿಯನಾದ ಇವಳ ಗಂಡನ ಪಾಲಿಗೆ ಬಂದದ್ದು ಹೊಳೆಯ ಮಗ್ಗುಲಿನ ನಾಲ್ಕು ಎಕರೆ. ಮೂರರಲ್ಲಿ ಅದೇ ಚಲೋ ಮಣ್ಣು. ಆದರೆ ಹೊಳೆದಂಡೆಯ ಊರುಗಳಲ್ಲಿ ಹೀಗೆ ವಾಟ್ನಿ ಮಾಡಿಕೊಳ್ಳುವಾಗ ಹಿರಿಯರ ಮುಂದೆ ಒಂದು ಮಾತು ಆಗುತ್ತಿತ್ತು. ಹೊಳೆ ದಂಡೆ ಕೊರೆದು ಒಬ್ಬನ ಪಾಲು ಒಯ್ದರೆ ಅದು ಎಲ್ಲರ ಪಾಲಿನಿಂದ ಹೋದಂತೆ. ಉಳಿದದ್ದನ್ನು ಮತ್ತೆ ಸಮನಾಗಿ ಹಂಚಿಕೊಳ್ಳಬೇಕು. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ, ಆದರೆ ಮುರಿಯುತ್ತಲೂ ಇರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಹೊಳೆ ತುಂಬಿ ಬಂದು, ಇಳಿಯುವಾಗ ಇವಳ ಪಾಲಿನ ಬಹುಭಾಗವನ್ನು ಒಯ್ದಿತ್ತು. ಭಾವಂದಿರು ಮತ್ತೆ ಹಂಚಲು ಒಲ್ಲೆ ಎನ್ನಲಿಲ್ಲ. ಆದರೆ ಹಿರಿಯ ಭಾವ ಒಂದು ಷರತ್ತು ಹಾಕಿದ. ಎಷ್ಟು ಹೋಗಿದೆ ಎಂದು ಸರಕಾರದ ಕಾಗದದಲ್ಲಿ ಬರಲಿ, ಆಮೇಲೆ ಹಂಚೋಣ, ಇಲ್ಲವಾದರೆ ನಾಳೆ ಮಕ್ಕಳ ಕಾಲಕ್ಕೆ ಜಗಳ. ಮಾತು ನ್ಯಾಯದ್ದೇ ಆಗಿತ್ತು. ಅದಕ್ಕಾಗಿ ಅವಳು ಅರ್ಜಿ ಬರೆಸಿಕೊಂಡು ಬಂದು, ಎರಡು ದಿನ ಕಚೇರಿಯ ಬೇವಿನ ಗಿಡದ ಬುಡದಲ್ಲಿ ಕುಳಿತಳು. ನಾನು ಅರ್ಜಿ ತೆಗೆದುಕೊಳ್ಳುವಾಗ ಇದನ್ನೆಲ್ಲ ಅವಳೇ ಹೇಳಿದಳು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಈಗ ಹೇಳುವಂತಿಲ್ಲ.

"ಹೊಳಿ ಒಯ್ತು ಅಂತ ಒಂದ್ ಮಾತು ಕಾಗದದಾಗ ಬಂದ್ರ ಸಾಕ್ರಿ," ಅಂದಳು. "ಉಳದದ್ದು ನಮ್ಮ ಭಾವನವ್ರು ನೋಡ್ಕೋತಾರ."

ಅರ್ಜಿ ಮಾಮಲೇದಾರರ ಮೇಲಿನ ಅಧಿಕಾರಿಯಾದ ಪ್ರಾಂತ ಸಾಹೇಬರ ಕಡೆ ಹೋಗಿ ಒಂದೂವರೆ ತಿಂಗಳಿಗೆ ತಿರುಗಿ ಬಂತು. ಅದರ ಮಗ್ಗುಲಿನಲ್ಲಿ ಸಾಹೇಬರು ಕೆಂಪು ಮಸಿಯಲ್ಲಿ ಇಂಗ್ಲಿಷಿನ ಒಂದೇ ಸಾಲು ಬರೆದಿದ್ದರು. ನಷ್ಟವು ಡಿಲ್ಯೂವಿಯನ್‌ನಿಂದ ಆದದ್ದೋ ಹೇಗೆ, ಸ್ಥಳ ಪರೀಕ್ಷಿಸಿ ವರದಿ ಮಾಡಿ ಎಂದು. ಮಾಮಲೇದಾರರು ಅದನ್ನು ನನ್ನ ಮೇಜಿಗೆ ಸರಿಸಿ, ಇದೇನಪ್ಪ ಎಂದು ಕೇಳಿದರು. ನಾನು ಆ ಶಬ್ದವನ್ನು ಜನ್ಮದಲ್ಲಿ ಕಂಡಿರಲಿಲ್ಲ. ನೋಡಿ ಹೇಳುತ್ತೇನೆ ಅಂದೆ. ಗೊತ್ತಿಲ್ಲ ಎಂದು ಒಂದು ಶಬ್ದ ಹೇಳಿದ್ದರೆ ಅವರು ಪ್ರಾಂತ ಕಚೇರಿಗೆ ಬರೆದು ಕೇಳುತ್ತಿದ್ದರು, ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಂಡಿತನಿಗೆ ಗೊತ್ತಿಲ್ಲ ಎನ್ನುವ ಮಾತು ಬಾಯಿಂದ ಬರುವುದಿಲ್ಲ.

ನನ್ನ ಹತ್ತಿರ ಸಾಲೆಯ ಕಾಲದ ಸಣ್ಣ ಶಬ್ದಕೋಶ ಇತ್ತು. ಅದರಲ್ಲಿ ಆ ಶಬ್ದ ಇರಲಿಲ್ಲ, ಅದರ ಬಳಗದ ಇನ್ನೊಂದಿತ್ತು. ಮಹಾಪ್ರವಾಹಕ್ಕೆ ಸಂಬಂಧಪಟ್ಟದ್ದು ಎಂದು ಅರ್ಥ ಕೊಟ್ಟಿದ್ದರು. ಅಲ್ಲಿಗೆ ನನಗೆ ಬೆಳಕಾಯಿತು. ಡಿಲ್ಯೂವಿಯನ್ ಎಂದರೆ ಪ್ರವಾಹ! ಸಾಹೇಬರು ಕೇಳಿದ್ದು ನೆರೆ ಬಂದಿತ್ತೋ ಇಲ್ಲವೋ ಎಂದು. ಹೋಗಿ ಮಾಮಲೇದಾರರಿಗೆ ಹೇಳಿದೆ. ಅವರು ಶಾಬಾಸ್ ಎಂದು, ಕಂದಾಯದ ಸರ್ಕಲ್ ಸಾಹೇಬರು ರಜೆಯಲ್ಲಿದ್ದುದರಿಂದ ಪಂಚನಾಮೆಗೆ ನೀನೇ ಹೋಗಿ ಬಾ ಅಂದರು. ಅಳತೆಯವರನ್ನು ಕರೆದೊಯ್ಯಬೇಕೇ ಎಂದು ಅವರು ಕೇಳಿದ್ದಕ್ಕೆ ನಾನೇ ಬೇಡ ಅಂದೆ. ನೆರೆ ಬಂದು ಹೋದದ್ದಕ್ಕೆ ಅಳತೆ ಏತಕ್ಕೆ?

ಸಂಕ್ರಾಂತಿ ಮುಗಿದಿತ್ತು. ಸೈಕಲ್ ತುಳಿದು ಹೋದೆ. ಹೊಲದಲ್ಲಿ ಕಡಲೆ ಕೀಳುತ್ತಿದ್ದರು, ಬಿಳಿಜೋಳ ಎದೆಯುದ್ದ ನಿಂತಿತ್ತು. ಹೊಳೆ ಬತ್ತಿ ಕೆಳಗೆ ಸಣ್ಣಗೆ ಹರಿಯುತ್ತಿತ್ತು. ನನಗೆ ಹೊಲ ಚಲೋ ಇದ್ದಂತೆ ಕಂಡಿತು. ಈ ಮೊದಲು ಅದು ಎಲ್ಲಿಯವರೆಗೆ ಇತ್ತು ಎಂದು ನನಗೆ ಗೊತ್ತಾಗುವುದು ಹೇಗೆ? ನಕಾಶೆ ತಂದಿರಲಿಲ್ಲ. ಪಂಚರು ನಾಲ್ವರು, ಭಾವಂದಿರಿಬ್ಬರು, ಅವಳು, ಎಲ್ಲರೂ ದಂಡೆಯ ಮೇಲೆ ಬನ್ನಿಗಿಡದ ನೆರಳಿಗೆ ಕೂತರು. ನಾನು ರೋಣದಲ್ಲೇ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ನೀರು ಯಾವಾಗ ಬಂತು, ಎಷ್ಟು ದಿನ ನಿಂತಿತು, ಯಾವಾಗ ಇಳಿಯಿತು, ಈಗ ಹೊಲದಲ್ಲಿ ನೀರು ಇದೆಯೋ ಇಲ್ಲವೋ.

ಅವಳು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಳು. ಶ್ರಾವಣದಲ್ಲಿ ಬಂತು, ಎಂಟು ದಿನಕ್ಕೆ ಇಳಿಯಿತು. ಆಮೇಲೆ ಎದ್ದು ದಂಡೆಯ ತುದಿಗೆ ಹೋಗಿ ನಿಂತು, ಕೆಳಗೆ ಹರಿಯುವ ನೀರಿನತ್ತ ಕೈ ತೋರಿಸಿದಳು. "ನನ್ನ ಹೊಲಾ ಅಲ್ಲೈತ್ರಿ," ಅಂದಳು. ಆಚೆಯ ದಂಡೆಯಲ್ಲಿ ಹೊಸದಾಗಿ ಬಿದ್ದ ರೇವೆಮಣ್ಣಿನಲ್ಲಿ ಯಾರೋ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು. ತನ್ನ ಮಣ್ಣು ಅಲ್ಲಿ ಹೋಗಿ ಬಿದ್ದಿದೆ ಅಂದಳು. ಪಂಚರಲ್ಲಿ ಒಬ್ಬ ಮುದುಕ ಹೌದು ಎಂದು ತಲೆಯಾಡಿಸಿದ. ನನಗೆ ಹೊಟ್ಟೆ ಹಸಿದಿತ್ತು. ಹೆಂಗಸು ದುಃಖದಲ್ಲಿ ಏನೋ ಹೇಳುತ್ತಾಳೆ ಎಂದುಕೊಂಡೆ. ನನ್ನ ಪ್ರಶ್ನೆಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಬರೆಯುವುದು ಪಂಚನಾಮೆಯ ರೀತಿ. ಬರೆದದ್ದನ್ನು ಓದಿ ಹೇಳಬೇಕೆಂಬುದೂ ರೀತಿಯೇ. ಆದರೆ ಕಡಲೆ ಕೀಳುವ ದಿನಗಳು, ಪಂಚರಿಗೆ ಅವಸರ. ಕಾರಕೂನ ಸಾಹೇಬರು ಬರೆದದ್ದು ಬರಾಬರಿ ಇರುತ್ತದೆ ಎಂದು ಅವರು ಹೆಬ್ಬೆಟ್ಟು ಒತ್ತಿದರು. ಅವಳೂ ಒತ್ತಿದಳು.

ವರದಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಡಿಲ್ಯೂವಿಯನ್ ಬಂದದ್ದು ನಿಜ, ಆದರೆ ಎಂಟು ದಿನಗಳಲ್ಲಿ ಅದು ಇಳಿದುಹೋಗಿದೆ, ಜಮೀನು ಈಗ ಸಾಗುವಳಿಗೆ ಯೋಗ್ಯವಾಗಿದೆ, ಬೆಳೆ ನಿಂತಿದೆ. ಈಗ ನೆನೆಸಿದರೆ ನಗೆಗೇಡು. ಹೊಳೆ ಒಯ್ದ ಭೂಮಿ ಎಂಟು ದಿನಗಳಲ್ಲಿ ಇಳಿದುಹೋಯಿತು ಎಂದು ಬರೆದ ಭೂಪ ನಾನು! ಪ್ರಾಂತ ಕಚೇರಿಯಲ್ಲಿ ಅದನ್ನು ಓದಿದ ನನ್ನಂಥ ಇನ್ನೊಬ್ಬ ಕಾರಕೂನ ಇಂಗ್ಲಿಷನ್ನು ಬಿಟ್ಟು ತಾತ್ಪರ್ಯ ಹಿಡಿದಿರಬೇಕು. ಜಮೀನು ಇದೆ, ಬೆಳೆ ಇದೆ, ಅರ್ಜಿ ನಾಮಂಜೂರು.

ಹುಕುಂ ಬಂದ ವಾರಕ್ಕೆ ಅವಳು ಮತ್ತೆ ಬಂದಳು. ನಾನು ಓದಿ ಅರ್ಥ ಹೇಳಿದೆ. ಅವಳಿಗೆ ಅದು ತಲೆಗೆ ಹೋಗಲಿಲ್ಲ. ಮೂರು ಸಲ ಹೇಳಿಸಿಕೊಂಡಳು. ಮೂರನೆಯ ಸಲಕ್ಕೆ ನನಗೆ ಸಿಟ್ಟು ಬಂದಿತ್ತು. "ಹೊಲಾ ಐತಿ ಅಂತ ಸರಕಾರ ಅಂದ್ರ, ನಾ ಎಲ್ಲಿ ಬಿತ್ತಬೇಕ್ರಿ?" ಅಂದಳು. ಇದು ಮೇಲಿನವರ ತೀರ್ಮಾನ, ನನ್ನ ಕೈಯಲ್ಲಿ ಏನೂ ಇಲ್ಲ, ಬೇಕಾದರೆ ಅಪೀಲು ಮಾಡಿಕೊ ಅಂದೆ. ಅಪೀಲಿಗೆ ವಕೀಲ ಬೇಕು, ಧಾರವಾಡಕ್ಕೆ ತಿರುಗಬೇಕು. ಗೆದ್ದವ ಸೋತ, ಸೋತವ ಸತ್ತ ಎನ್ನುವ ದಾರಿ ಅದು. ಅವಳು ಹೋದಳು. ಆಮೇಲೆ ಮಳೆಗಾಲ ಕಳೆಯಿತು, ನಾನು ಅವಳನ್ನು ಮರೆತೆ.

ಮರುವರ್ಷ ನಾನು ಇಲಾಖೆಯ ಪರೀಕ್ಷೆಗೆ ಕೂಡಬೇಕಾಯಿತು. ಪಾಸಾಗದೆ ಬಡ್ತಿ ಇರಲಿಲ್ಲ. ಗಜೇಂದ್ರಗಡದಲ್ಲಿ ಒಬ್ಬ ನಿವೃತ್ತ ಅವಲ ಕಾರಕೂನರು, ಅಂದರೆ ಹಿರಿಯ ಗುಮಾಸ್ತರು, ಇದ್ದರು, ಕಂದಾಯದ ಕಾಯ್ದೆ ಬಾಯಿಪಾಠ ಇದ್ದವರು. ನಾವು ಮೂರು ಜನ ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಅವರ ಮನೆಗೆ ಹೋಗುತ್ತಿದ್ದೆವು. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕಲಮುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನಿದ್ದೆ ತರಿಸುವ ದನಿ. ಒಂದು ರವಿವಾರ ಮಧ್ಯಾಹ್ನ, ಊಟವಾದ ಮೇಲೆ, ನಾನು ತೂಕಡಿಸುತ್ತಿದ್ದಾಗ ಆ ಶಬ್ದ ಕಿವಿಗೆ ಬಿತ್ತು. ನನಗೆ ಗೊತ್ತಿದ್ದ ಶಬ್ದ ಬಂತಲ್ಲ ಎಂದು ಹುರುಪಾಗಿ, ಪ್ರವಾಹ ಅಲ್ಲವೇ ಅಂದೆ.

ಅವರು ಕಣ್ಣು ತೆರೆಯಲಿಲ್ಲ. "ಪ್ರವಾಹ ಬರ್ತದ, ಹೋಗ್ತದ. ಹೊಲ ಇದ್ದಲ್ಲೇ ಇರ್ತದ," ಅಂದರು. "ಇದು ಹಂಗಲ್ಲ. ಹೊಳಿ ದಂಡಿ ಕೊರದು ಹೊಲಾನ ಒಯ್ತದ. ಮತ್ತ ಕೊಡೂದಿಲ್ಲ. ಅದಕ್ಕ ಡಿಲ್ಯೂವಿಯನ್ ಅಂತಾರ." ಅರ್ಧ ಎಕರೆಗಿಂತ ಹೆಚ್ಚು ಹೋಗಿದ್ದರೆ ಅಳತೆ ಮಾಡಿಸಿ, ಹೋದಷ್ಟನ್ನು ದಫ್ತರದಿಂದ ಕಡಿಮೆ ಮಾಡಬೇಕು ಎಂದು ಮುಂದುವರಿಸಿದರು. ನನಗೆ ಮುಂದಿನದು ಕೇಳಿಸಲಿಲ್ಲ. ಆ ಹೆಂಗಸು ನನಗೆ ದಂಡೆಯ ಮೇಲೆ ನಿಂತು ಹೇಳಿದ್ದು ಇದನ್ನೇ. ಕಾಯ್ದೆಯ ಪುಸ್ತಕದವರು ಲ್ಯಾಟಿನ್ನಿನಿಂದ ತಂದು ಹೇಳಿದ್ದನ್ನು ಅವಳು ಕೈ ಮಾಡಿ ತೋರಿಸಿದ್ದಳು. ಕನ್ನಡದಲ್ಲಿ ನನಗೆ ಅರ್ಥವಾಗದ ಮಾತನ್ನು ನಾನು ಇಂಗ್ಲಿಷಿನಲ್ಲಿ ತಪ್ಪಾಗಿ ಬರೆದು ಕಳಿಸಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜೊತೆಯವರು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ರೋಣಕ್ಕೆ ಬಂದೆ.

ಮರುದಿನ ಆ ಫೈಲು ಹುಡುಕಿ ತೆಗೆದೆ. ನನ್ನ ಅಕ್ಷರ ಗುಂಡಗೆ ಚೆಂದ ಇತ್ತು. ಮಾಮಲೇದಾರರ ಮುಂದೆ ಒಯ್ದು, ಇದರಲ್ಲಿ ತಪ್ಪಾಗಿದೆ ಎಂದೆ. ಯಾರ ತಪ್ಪು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಗಿದ ಫೈಲು ಬಿಚ್ಚಬಾರದು, ಮೇಲಿನವರು ನೂರು ಪ್ರಶ್ನೆ ಕೇಳುತ್ತಾರೆ, ತಮಗೆ ಪಿಂಚಣಿಗೆ ನಾಲ್ಕು ತಿಂಗಳು ಇದೆ ಅಂದರು. ನಾನು ನಾಲ್ಕು ತಿಂಗಳು ಕಾದೆ. ಕಾದದ್ದಕ್ಕೆ ಅವರನ್ನು ದೂರುತ್ತಿಲ್ಲ, ಕಾಯುವುದು ನನಗೂ ಹಗುರವೇ ಆಗಿತ್ತು. ಹೊಸ ಮಾಮಲೇದಾರರು ಬಂದ ಮೇಲೆ, ಹೊಸ ಸಂಗತಿ ತಿಳಿದುಬಂದಿರುವುದರಿಂದ ಮರುಪರೀಕ್ಷೆ ಅಗತ್ಯ ಎಂದು ಟಿಪ್ಪಣಿ ಬರೆದೆ. ಹೊಸ ಸಂಗತಿ ಎಂದರೆ ನನ್ನ ಅಜ್ಞಾನ. ಅದಕ್ಕೆ ಕಚೇರಿಯ ಭಾಷೆಯಲ್ಲಿ ಅಂಥ ಮರ್ಯಾದೆಯ ಹೆಸರುಗಳಿವೆ.

ಈ ಸಲ ಅಳತೆಯವರು ಸರಪಳಿ ತೆಗೆದುಕೊಂಡು ಬಂದರು. ದಾರಿಯ ಕಡೆಯ ಎರಡು ಬಾಂದುಗಲ್ಲು ಸಿಕ್ಕವು, ಹೊಳೆಯ ಕಡೆಯ ಎರಡೂ ಇರಲಿಲ್ಲ. ಸಿಕ್ಕ ಕಲ್ಲಿನಿಂದ ಎಳೆಯುತ್ತ ಬಂದರು. ನಕಾಶೆಯ ಪ್ರಕಾರ ಸರಪಳಿ ಹಿಡಿದವನು ಇನ್ನೂ ದೂರ ಹೋಗಬೇಕಿತ್ತು, ಅವನ ಮುಂದೆ ನೀರಿತ್ತು. ಮೂರು ಎಕರೆ ಹದಿನಾಲ್ಕು ಗುಂಟೆ ಹೋಗಿದೆ ಎಂದು ಲೆಕ್ಕ ಬಂತು. ಅಳತೆಯ ದಿನ ಅವಳು ಹೊಲಕ್ಕೆ ಬಂದಿರಲಿಲ್ಲ. ಕೇಳಿದ್ದಕ್ಕೆ, ಊರಲ್ಲಿಲ್ಲ ಎಂದು ಹಿರಿಯ ಭಾವ ಹೇಳಿದ. ನಾನು ಹೆಚ್ಚು ಕೆದಕಲಿಲ್ಲ. ರೋಣಕ್ಕೆ ಬಂದು ವರದಿ ಬರೆದೆ. ಡಿಲ್ಯೂವಿಯನ್‌ನಿಂದ ನಷ್ಟವಾಗಿದೆ ಎಂದು ಮೊದಲ ಸಲ ಆ ಶಬ್ದವನ್ನು ಅದು ಇರಬೇಕಾದ ಜಾಗದಲ್ಲಿ ಇಟ್ಟೆ. ಬರೆಯುವಾಗ ಹಗುರ ಅನ್ನಿಸಿತು, ಸುಳ್ಳೇಕೆ ಹೇಳಲಿ. ಎರಡು ತಿಂಗಳಿಗೆ ಮಂಜೂರಾಗಿ ಬಂತು. ಸಾಮಾನ್ಯವಾಗಿ ನಕಲನ್ನು ಊರ ಲೆಕ್ಕ ನೋಡುವ ತಲಾಟಿಯ ಕೈಯಲ್ಲಿ ಕಳಿಸುತ್ತಿದ್ದರು. ನಾನು ಒಂದು ದಿನ ರಜೆ ಹಾಕಿ ನಾನೇ ತೆಗೆದುಕೊಂಡು ಹೋದೆ.

ಹಿರಿಯ ಭಾವ ಕಂಬಳಿ ಹಾಸಿ ಕೂಡಿಸಿದ, ಚಹಾ ಮಾಡಿಸಿದ. ಕಾಗದ ಓದಿ ಹೇಳಿದೆ. ಅವನು ಸಮಾಧಾನದಿಂದ ಕೇಳಿದ. "ಚಲೋ ಆತ್ರಿ. ಇಲ್ಲದ ಹೊಲಕ್ಕ ತೀರ್ವಿ ಕಟ್ಟೂದು ತಪ್ತು," ಅಂದ. ಇನ್ನು ತಮ್ಮನ ಹೆಂಡತಿಗೆ ಪಾಲು ಹಂಚಿಕೊಡುತ್ತೀರಲ್ಲ ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ಅವಳು ಹೋದ ವರ್ಷವೇ ಹಕ್ಕು ಬಿಟ್ಟುಕೊಟ್ಟು ಕಾಗದ ಬರೆದುಕೊಟ್ಟಿದ್ದಳಂತೆ. ಸರಕಾರವೇ ಹೊಲ ಹೋಗಿಲ್ಲ ಎಂದ ಮೇಲೆ ಊರ ಹಿರಿಯರೂ ಏನು ಹೇಳುವುದು? ಕೆಲವು ತಿಂಗಳು ನೋಡಿದಳಂತೆ. ಮಗಳ ಮದುವೆ ನಾವು ಮಾಡಿಕೊಡುತ್ತೇವೆ, ನೀನು ಪಾಲಿನ ಮಾತು ಬಿಡು ಎಂದು ಇವರು ಅಂದರಂತೆ, ಅವಳು ಒಪ್ಪಿದಳಂತೆ. ಮದುವೆಯನ್ನು ಚಲೋ ಮಾಡಿಕೊಟ್ಟಿದ್ದರು, ಆ ಮಾತಿಗೆ ತಪ್ಪಿರಲಿಲ್ಲ. ಅವನು ಕೆಟ್ಟ ಮನುಷ್ಯನಲ್ಲ. ಸರಿಯಾದ ಕಾಗದ ಸರಿಯಾದ ವೇಳೆಗೆ ಬಂದಿದ್ದರೆ ಅವನು ಹಂಚಿಕೊಡುತ್ತಿದ್ದ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ, ಅದೇ ಹೆಚ್ಚು ಸಂಕಟ. ನಾನು ಕಲಿತ ಶಬ್ದದಿಂದ ಲಾಭವಾದದ್ದು ಅವನ ತೀರ್ವೆಗೆ.

ಅವಳು ನರಗುಂದದಲ್ಲಿ ಹತ್ತಿ ಗಿರಣಿಯ ಕೆಲಸಕ್ಕೆ ಹೋಗುತ್ತಾಳೆ ಎಂದರು. ಅಲ್ಲಿಂದ ಸುಮ್ಮನೆ ರೋಣಕ್ಕೆ ಮರಳಬಹುದಿತ್ತು. ಎರಡು ವಾರ ಹಾಗೇ ಇದ್ದೆ. ಕೊನೆಗೆ ಒಂದು ರವಿವಾರ ನರಗುಂದದ ಬಸ್ಸು ಹತ್ತಿದೆ. ಹೋಗಿ ನಿಜ ಹೇಳುವುದು, ತಪ್ಪು ನನ್ನದು ಎನ್ನುವುದು, ಅವಳು ಬಯ್ದರೆ ಬಯ್ಯಿಸಿಕೊಳ್ಳುವುದು ಎಂದು ನಿಶ್ಚಯ ಮಾಡಿದ್ದೆ. ಬೆಳವಣಕಿಯಲ್ಲಿ ಬಸ್ಸು ಕೆಟ್ಟು ಒಂದು ತಾಸು ನಿಂತಿತು. ಇಳಿದು ಹಿಂದಿರುಗಲೇ ಎನ್ನುವ ಆಸೆಯೂ ಆಯಿತು. ಆದರೂ ಹೋದೆ.

ಗುಡ್ಡದ ಬುಡದ ಓಣಿಯಲ್ಲಿ ಅವಳದೊಂದು ಸಣ್ಣ ಖೋಲಿ. ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆಯ ತುಂಬ ಹತ್ತಿಯ ಎಳೆ ಸಿಕ್ಕಿಕೊಂಡು, ಮೊದಲಿಗಿಂತ ಹತ್ತು ವರ್ಷ ದೊಡ್ಡವಳಾಗಿ ಕಂಡಳು. ಗುರುತು ಹಿಡಿದು ಮೊರ ಕೆಳಗಿಟ್ಟು ಎದ್ದಳು, ಕೂಡಲು ಮಣೆ ಕೊಟ್ಟಳು, ನೀರು ಕೊಟ್ಟಳು. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದಳು. ನಾನು ಕಾಗದ ತೆಗೆದು ಓದಿದೆ. ಮೂರು ಎಕರೆ ಹದಿನಾಲ್ಕು ಗುಂಟೆ ಹೊಳೆ ಒಯ್ದದ್ದು ನಿಜ ಎಂದು ಸರಕಾರ ಒಪ್ಪಿದೆ ಎಂದೆ. ಈಗ ಇದರಿಂದ ಏನೂ ಆಗುವಂತಿಲ್ಲ, ಆದರೂ ತಿಳಿಸಬೇಕೆಂದು ಬಂದೆ ಎಂದೆ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿಬಂದಿತ್ತು. ಊರವರು ತನ್ನನ್ನು ಸುಳ್ಳು ಅರ್ಜಿ ಕೊಟ್ಟವಳು ಎಂದು ಆಡಿಕೊಂಡಿದ್ದರು, ಅದೊಂದು ಹೋಯಿತಲ್ಲ ಎಂದಳು. ಇಷ್ಟು ದಿನ ಆ ಮಾತನ್ನೂ ಹೊತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ಮಾತಾಡಿದಳು.

"ಮ್ಯಾಲಿನವ್ರಿಗೆ ತಿಳೀಲಿಲ್ಲ ಅಷ್ಟರಿ. ನೀವು ಹೊಳಿ ತನಕ ಬಂದು, ಕಣ್ಣಾರೆ ನೋಡಿ, ನಾ ಹೇಳಿದಂಗ ಬರಾಬರಿ ಬರದಿದ್ರಿ. ಹೌದಲ್ರಿ?"

ನಾನು ಹೌದು ಎಂದೆ.